ಹಂಪಿಯಲ್ಲಿ ಗ್ರೀನ್‌ಲಾ ಕ್ಯಾಮೆರಾ ಇಟ್ಟ ಜಾಗ ಹುಡುಕುವುದು

ವಿಜಯವಿಠ್ಠಲ ಗುಡಿಯ ಕಲ್ಲಿನ ರಥದ ಮೇಲೆ ಒಂದು ಕಾಲಕ್ಕೆ ಇಟ್ಟಿಗೆ-ಗಾರೆಯ ಶಿಖರವಿತ್ತು. ಐವತ್ತರ ನೋಟಿನಲ್ಲಿ ನಾವು ಈಗ ನೋಡುವ ರಥಕ್ಕೆ ಅದಿಲ್ಲ. ಶಿಖರ ಹೇಗಿತ್ತು ಎಂದು ಕಣ್ಣಾರೆ ತೋರಿಸುವುದು ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಮೇಣ ಹಚ್ಚಿದ ಕಾಗದದ ನೆಗೆಟಿವ್ ಮೇಲೆ ತೆಗೆದ ಚಿತ್ರ. 1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಹಂಪಿಯಲ್ಲಿ ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ ಮತ್ತೆ ಫೋಟೊ ತೆಗೆದರು. ಬೀದಿ, ಕಟ್ಟಡ, ಬಂಡೆಗುಡ್ಡ ಮೂರನ್ನೂ ಒಟ್ಟಿಗೆ ಹಿಡಿಯುವ ಕೆಲಸಗಳಲ್ಲಿ ಇದಕ್ಕಿಂತ ಶಿಸ್ತಿನದು ನನಗೆ ಗೊತ್ತಿಲ್ಲ. ಇವತ್ತು ಅದನ್ನು ಮುಂದುವರಿಸುವವರಿಗೆ ಬೇಕಾದ ವಿವರ ಇಲ್ಲಿದೆ.

ಮೊದಲು ಜಾಗ, ಆಮೇಲೆ ಲೆನ್ಸ್. ಹೆಚ್ಚಿನವರು ಸುಮಾರಾಗಿ ಒಂದು ಕಡೆ ನಿಂತು ಝೂಮ್ ತಿರುಗಿಸಿ ಹೊಂದಿಸಲು ನೋಡುತ್ತಾರೆ. ಅದು ಯಾವತ್ತೂ ಹೊಂದುವುದಿಲ್ಲ. ಮುಂದಿನ ಕಂಬಕ್ಕೂ ಹಿಂದಿನ ಗೋಪುರಕ್ಕೂ ಇರುವ ಸಂಬಂಧವನ್ನು ತೀರ್ಮಾನಿಸುವುದು ನಿಂತ ಜಾಗ ಮಾತ್ರ. ಝೂಮ್ ಬರೀ ಚೌಕಟ್ಟನ್ನು ಹಿಗ್ಗಿಸಿ ಕುಗ್ಗಿಸುತ್ತದೆ.

ಹಳೆಯ ಚಿತ್ರದ ಎ4 ಪ್ರಿಂಟ್ ಒಯ್ಯಿರಿ. ಹತ್ತಿರದ ವಸ್ತುವಿನ ಅಂಚು ದೂರದ ವಸ್ತುವನ್ನು ಎಲ್ಲಿ ಕತ್ತರಿಸುತ್ತದೆ ಎಂದು ನಾಲ್ಕೈದು ಕಡೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ: ಮಂಟಪದ ಬೋದಿಗೆಯ (ಕಂಬದ ತಲೆಯ ಮೇಲಿನ ಚಾಚುಗಲ್ಲು) ಮೂಲೆ ಹಿಂದಿನ ಗೋಪುರದ ಎಷ್ಟನೇ ಅಂತಸ್ತಿಗೆ ತಾಗುತ್ತದೆ, ಬಂಡೆಯ ತುದಿ ಗುಡ್ಡದ ಯಾವ ತಗ್ಗಿನಲ್ಲಿ ಕೂರುತ್ತದೆ. ಗಿಡಮರ ಲೆಕ್ಕಕ್ಕೆ ಬೇಡ, ಅವು ಉಳಿದಿರುವುದಿಲ್ಲ. ದೂರದ ಬಂಡೆಗಳನ್ನು ನಂಬಬಹುದು.

ಹತ್ತಿರದ ಕಂಬ ಹಳೆಯ ಚಿತ್ರದಲ್ಲಿರುವುದಕ್ಕಿಂತ ಬಲಕ್ಕೆ ಸರಿದು ಕಂಡರೆ ನೀವು ಬಲಕ್ಕೆ ಸರಿಯಬೇಕು. ಎಡಕ್ಕೆ ಕಂಡರೆ ಎಡಕ್ಕೆ. ಕಂಬದ ತಲೆ ಹಿಂದಿನ ಗೋಡೆಯ ಮೇಲೆ ಹೆಚ್ಚು ಎತ್ತರಕ್ಕೆ ಹೋಗಿದ್ದರೆ ಕ್ಯಾಮೆರಾ ತಗ್ಗಿನಲ್ಲಿದೆ ಎಂದರ್ಥ, ಏರಿಸಿ. ಹಿಂದೆ-ಮುಂದೆ ಎಷ್ಟು ಎನ್ನುವುದಕ್ಕೆ ಸ್ಕೇಲ್ ಬೇಕು. ಪ್ರಿಂಟ್‌ನಲ್ಲಿ ಹತ್ತಿರದ ಎರಡು ಕಂಬಗಳ ನಡುವಿನ ಅಂತರ 60 ಮಿ.ಮೀ., ದೂರದ ಗೋಪುರದ ಅಗಲ 20 ಮಿ.ಮೀ. ಇದ್ದರೆ ಅನುಪಾತ 3. ಕ್ಯಾಮೆರಾ ಪರದೆಯಲ್ಲೂ ಅದೇ ಎರಡನ್ನು ಅಳೆಯಿರಿ. 2.7 ಬಂದರೆ ಮುಂದೆ ಹೋಗಿ, 3.2 ಬಂದರೆ ಹಿಂದೆ ಬನ್ನಿ. ಒಂದು ದಿಕ್ಕು ಸರಿಮಾಡಿದಾಗ ಇನ್ನೊಂದು ಸ್ವಲ್ಪ ಕೆಡುತ್ತದೆ, ಹಾಗಾಗಿ ಮೂರನ್ನೂ ಎರಡು ಮೂರು ಸುತ್ತು ನೋಡಲೇಬೇಕು.

ಹಂಪಿಯಲ್ಲಿ ಎತ್ತರವೇ ದೊಡ್ಡ ತೊಡಕು. ಉತ್ಖನನದಲ್ಲಿ ಮಣ್ಣು ತೆಗೆದ ಕಡೆ ಗ್ರೀನ್‌ಲಾ ನಿಂತ ನೆಲವೇ ಈಗ ಇಲ್ಲ. ಅಲ್ಲಿ ಉದ್ದ ಕೋಲಿಗೆ ಕ್ಯಾಮೆರಾ ಕಟ್ಟಿ ಮೊಬೈಲಿನಿಂದ ಕ್ಲಿಕ್ ಮಾಡಬೇಕಾಗುತ್ತದೆ. ಟ್ರೈಪಾಡ್‌ಗೆ ಪುರಾತತ್ವ ಇಲಾಖೆಯ ಅನುಮತಿಯನ್ನು ಮೊದಲೇ ಪಡೆದಿರಿ. ಹಳೆಯ ಶಿಲ್ಪದ ಮೇಲೆ ಹತ್ತಿ ಎತ್ತರ ಗಳಿಸುವ ಯೋಚನೆಯೇ ಬೇಡ.

ಗೋಪುರ ಹಿಂದಕ್ಕೆ ವಾಲಿದಂತೆ ಬರುವುದು ಕ್ಯಾಮೆರಾವನ್ನು ಮೇಲಕ್ಕೆ ತಿರುಗಿಸಿದ್ದರಿಂದ. ದೊಡ್ಡ ಪೆಟ್ಟಿಗೆ ಕ್ಯಾಮೆರಾಗಳಲ್ಲಿ ಲೆನ್ಸನ್ನೇ ಮೇಲಕ್ಕೆ ಸರಿಸಿ ಇದನ್ನು ತಪ್ಪಿಸಬಹುದಿತ್ತು. ಹಾಗೆ ಸರಿಸಬಲ್ಲ ಶಿಫ್ಟ್ ಲೆನ್ಸ್ ಇಲ್ಲದವರು ಕ್ಯಾಮೆರಾವನ್ನು ಮಟ್ಟವಾಗಿ ಇಟ್ಟು, 24 ಮಿ.ಮೀ.ನಂಥ ಅಗಲ ಲೆನ್ಸಿನಲ್ಲಿ ಉದ್ದುದ್ದ ತೆಗೆದು, ಕೆಳಗಿನ ಖಾಲಿ ನೆಲವನ್ನು ಕತ್ತರಿಸಿದರೆ ಸಾಕು. ಸಾಫ್ಟ್‌ವೇರ್‌ನಲ್ಲಿ ಆಮೇಲೆ ನೆಟ್ಟಗೆ ಮಾಡಿದರೆ ಗೋಪುರದ ಎತ್ತರದ ಪ್ರಮಾಣ ಕೆಡುವ ಅಪಾಯವಿದೆ, ಹೋಲಿಕೆಗೆ ಅದು ಸಲ್ಲದು.

ಇನ್ನು ಬೆಳಕು. ಕಪೋತದ (ಗೋಡೆಯಿಂದ ಹೊರಚಾಚಿದ ಕಲ್ಲಿನ ಸೂರು) ನೆರಳು ಗೋಡೆಯ ಮೇಲೆ ಎಲ್ಲಿಯವರೆಗೆ ಇಳಿದಿದೆ, ಯಾವ ಕಡೆಗೆ ವಾಲಿದೆ ಎನ್ನುವುದರಿಂದ ಹೊತ್ತು, ತಿಂಗಳು ಎರಡನ್ನೂ ಅಂದಾಜು ಮಾಡಬಹುದು. ಹಂಪಿ ಇರುವುದು ಸುಮಾರು 15.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದವರೆಗೆ ಮಧ್ಯಾಹ್ನದ ಸೂರ್ಯ ಉತ್ತರಕ್ಕಿರುತ್ತಾನೆ. ನಡುಹಗಲಲ್ಲಿ ಉತ್ತರದ ಗೋಡೆಗೆ ಬಿಸಿಲು ಬಿದ್ದ ಚಿತ್ರ ಕಂಡರೆ ಅದು ಆ ಮೂರು ತಿಂಗಳದ್ದೇ. ಒಂದೇ ನೆರಳು ವರ್ಷಕ್ಕೆ ಎರಡು ಸಲ ಬರುತ್ತದೆ. ನವೆಂಬರ್ 20ರ ನೆರಳು ತಪ್ಪಿದರೆ ಜನವರಿ 21ರ ಹೊತ್ತಿಗೆ ಮತ್ತೆ ಸಿಗುತ್ತದೆ, ಆದರೆ ಗಡಿಯಾರದಲ್ಲಿ ಸುಮಾರು 25 ನಿಮಿಷ ತಡವಾಗಿ. ಇದು ಗೊತ್ತಿಲ್ಲದೆ ಅದೇ ಗಂಟೆಗೆ ಹೋದವರಿಗೆ ನೆರಳು ಕೂಡಿಬರುವುದಿಲ್ಲ.

ಕಪ್ಪುಬಿಳುಪಿಗೆ ಬದಲಿಸುವಾಗಲೂ ಎಚ್ಚರ ಬೇಕು. ಅಂದಿನ ಕಾಗದ ನೆಗೆಟಿವ್‌ಗೆ ಕಾಣುತ್ತಿದ್ದುದು ಹೆಚ್ಚಾಗಿ ನೀಲಿ ಬೆಳಕು. ಅದಕ್ಕೇ ಆಕಾಶ ಬೆಳ್ಳಗೆ, ಕೆಂಪು ಛಾಯೆಯ ಕಲ್ಲು ಮತ್ತು ಇಟ್ಟಿಗೆ ಕಪ್ಪಗೆ. ರಾ ಫೈಲಿನ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಫೈಲು) ನೀಲಿ ಚಾನೆಲ್, ಅಂದರೆ ನೀಲಿ ಬೆಳಕಿನ ಭಾಗ, ಮಾತ್ರ ಇಟ್ಟುಕೊಂಡರೆ ಆ ಹದ ಬರುತ್ತದೆ. ನೀಲಿಯಲ್ಲಿ ಕಾಳುಕಾಳು ಬೇಗ ಎದ್ದು ಕಾಣುವುದರಿಂದ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆಯ ಮಟ್ಟ) 100 ದಾಟಬೇಡಿ.

ವಿರೂಪಾಕ್ಷ ಬಜಾರು ಇದಕ್ಕೆಲ್ಲ ಒಳ್ಳೆಯ ಅಭ್ಯಾಸದ ಜಾಗ. ಬೀದಿ ಪೂರ್ವ-ಪಶ್ಚಿಮ, ಒಂದು ತುದಿಗೆ ಗೋಪುರ, ಇನ್ನೊಂದಕ್ಕೆ ಎದುರು ಬಸವಣ್ಣ ಎಂಬ ದೊಡ್ಡ ಕಲ್ಲಿನ ನಂದಿ, ನಡುವೆ ಸಾಲುಮಂಟಪ. ಅಂಚುಗಳಿಗೆ ಕೊರತೆಯಿಲ್ಲ. 2011ರಲ್ಲಿ ಇಲ್ಲಿನ ಅಂಗಡಿ-ಮನೆಗಳನ್ನು ತೆರವು ಮಾಡಿದ ಮೇಲೆ, ಅದಕ್ಕೂ ಮೊದಲಿನ ಮನೆಮಂದಿಯ ಸಾಧಾರಣ ಫೋಟೊಗಳೂ ಬೆಲೆಬಾಳುವ ದಾಖಲೆಯಾಗಿವೆ. ಸ್ಮಾರಕದಷ್ಟೇ ಬೀದಿಯ ಬದುಕೂ ಈ ಯೋಜನೆಯ ಭಾಗ ಎಂದು ನಾನು ಒತ್ತಿ ಹೇಳುತ್ತೇನೆ.

ನಿಮ್ಮ ಫೋಟೊವನ್ನು ಮುಂದೆ ಇನ್ನೊಬ್ಬರು ಮತ್ತೆ ತೆಗೆಯುವಂತಾಗಲು ಮೊಬೈಲಿನ ಜಿಪಿಎಸ್ ಒಂದೇ ಸಾಲದು, ಅದು ನಾಲ್ಕೈದು ಮೀಟರ್ ತಪ್ಪಬಹುದು. ಅಲುಗದ ಎರಡು ಕಲ್ಲುಗಳಿಂದ ಟೇಪು ಹಿಡಿದು ಅಂತರ ಬರೆದಿಡಿ. ನೆಲದಿಂದ ಲೆನ್ಸಿನ ಎತ್ತರ, ದಿನಾಂಕ, ಗಂಟೆ-ನಿಮಿಷ ಬರೆಯಿರಿ. ಕೊನೆಗೆ ಹತ್ತು ಹೆಜ್ಜೆ ಹಿಂದೆ ಹೋಗಿ, ನಿಂತಿರುವ ಟ್ರೈಪಾಡಿನದೇ ಒಂದು ಫೋಟೊ ತೆಗೆದು ಅದೇ ಫೋಲ್ಡರಿಗೆ ಹಾಕಿ.