ಬಾಡಿ ಪ್ಯಾನೆಲ್‌ನ ಸ್ಕ್ರೂ ಮತ್ತು ಕಲಬುರಗಿಯ ಮೊದಲ ಮಳೆ

ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದಲ್ಲಿ ಬಸ್ಸು, ವ್ಯಾನುಗಳಿಗೆ ಬಾಡಿ ಕಟ್ಟುವ ಘಟಕವೊಂದರಲ್ಲಿ ನಾನು ವಿನ್ಯಾಸದ ಕೆಲಸ ಮಾಡುತ್ತೇನೆ. ಹೊಸ ಗಾಡಿ ನೋಡಲು ಬಂದವರು ಬಣ್ಣವನ್ನೂ ಸೀಟನ್ನೂ ಗಾಜನ್ನೂ ನೋಡಿ ಹೋಗುತ್ತಾರೆ. ನನ್ನ ಹೊತ್ತು ಹೆಚ್ಚಾಗಿ ಕಳೆಯುವುದು ಹೊರಗಿನ ತಗಡನ್ನು ಒಳಗಿನ ಚೌಕಟ್ಟಿಗೆ ಹಿಡಿದು ನಿಲ್ಲಿಸುವ ಸ್ಕ್ರೂ, ರಿವೆಟ್ಟುಗಳ ಜೊತೆ. ಈ ಚಿಕ್ಕ ವಸ್ತುವಿನಿಂದ ನಾವು ಎರಡು ಗುಣಗಳನ್ನು ಬೇಡುತ್ತೇವೆ. ಅದರ ತಲೆ ತಗಡಿನಿಂದ ಮೇಲೆ ಎದ್ದು ನಿಲ್ಲಬಾರದು, ಅದರ ತೂತಿನಿಂದ ನೀರು ಒಳಗೆ ಇಳಿಯಬಾರದು. ನೀರು ತಡೆಯಲು ರಬ್ಬರ್ ಬೇಕು, ರಬ್ಬರ್‌ಗೆ ಜಾಗ ಬೇಕು, ಜಾಗ ಕೊಟ್ಟರೆ ತಲೆ ದಪ್ಪವಾಗುತ್ತದೆ. ಹೀಗಾಗಿ ಒಂದು ಬೇಡಿಕೆಯನ್ನು ಪೂರೈಸಲು ಹೋದಾಗಲೆಲ್ಲ ಇನ್ನೊಂದು ಕೈತಪ್ಪುತ್ತದೆ.

ತಲೆ ತಗ್ಗಾಗಿರಬೇಕೆಂಬುದು ಬರೀ ಅಂದದ ಮಾತಲ್ಲ. ಎದ್ದು ನಿಂತ ತಲೆಗೆ ಗಾಡಿ ತೊಳೆಯುವ ಬ್ರಶ್ಶು ಸಿಕ್ಕಿಕೊಳ್ಳುತ್ತದೆ, ಹತ್ತಿ ಇಳಿಯುವವರ ಸೀರೆಯ ಸೆರಗು ಸಿಕ್ಕಿಕೊಳ್ಳುತ್ತದೆ, ಅದರ ಬುಡದಲ್ಲಿ ಧೂಳು ಕೂತು ತೇವವನ್ನು ಹಿಡಿದಿಡುತ್ತದೆ. ಕಾರುಗಳ ಹೊರಚಾಚುಗಳನ್ನು ಕುರಿತ ವಿಶ್ವಸಂಸ್ಥೆಯ 26ನೇ ವಾಹನ ನಿಯಮವು ಹೊರಮೈಯ ಯಾವುದೇ ಅಂಚಿನ ದುಂಡು ತ್ರಿಜ್ಯ 2.5 ಮಿ.ಮೀ.ಗಿಂತ ಕಡಿಮೆ ಇರಬಾರದೆಂದು ಹೇಳಿ, 5 ಮಿ.ಮೀ.ಗಿಂತ ಕಡಿಮೆ ಚಾಚಿದ ಭಾಗಗಳಿಗೆ ಅಂಚು ಮೊಂಡಾಗಿದ್ದರೆ ಸಾಕೆಂದು ವಿನಾಯಿತಿ ಕೊಡುತ್ತದೆ. ಅದು ಬಸ್ಸಿಗೆ ಬರೆದ ನಿಯಮವಲ್ಲ. ಆದರೂ ಮನುಷ್ಯನ ಮೈಗೆ ತಗಲುವ ತಗಡು ಯಾವ ಗಾಡಿಯದಾದರೇನು ಎಂಬ ಕಾರಣಕ್ಕೆ ನಾನು ಅದನ್ನೇ ಅಳತೆಗೋಲಾಗಿ ಇಟ್ಟುಕೊಂಡಿದ್ದೇನೆ.

ಹೊಸದಾಗಿ ಸೇರಿದ ಹುಡುಗರು ಮೊದಲು ಸೂಚಿಸುವುದು ಆಲಿಕೆಯಂಥ ಓರೆ ತಲೆಯ ಕೌಂಟರ್‌ಸಂಕ್ ಸ್ಕ್ರೂವನ್ನು. ತಲೆ ಪೂರ್ತಿ ತಗಡಿನೊಳಗೆ ಇಳಿದರೆ ಎಲ್ಲವೂ ಸಮತಟ್ಟು ಎಂಬುದು ಅವರ ಲೆಕ್ಕ. ಆದರೆ ಎಂ6, ಅಂದರೆ 6 ಮಿ.ಮೀ. ದಪ್ಪದ, ಕೌಂಟರ್‌ಸಂಕ್ ತಲೆಯ ಎತ್ತರವೇ ಸುಮಾರು 3.3 ಮಿ.ಮೀ., ನಮ್ಮ ಹೊರತಗಡಿನ ದಪ್ಪ 1.2 ಮಿ.ಮೀ. ಓರೆಯಾಗಿ ಕೊರೆಯುತ್ತ ಹೋದರೆ ತೂತು ದೊಡ್ಡದಾಗುತ್ತದೆ, ಅಂಚು ಚಾಕುವಿನ ಅಲಗಿನಷ್ಟು ತೆಳುವಾಗುತ್ತದೆ, ಗಾಡಿಯ ಅದುರಿಗೆ ಆ ಅಂಚಿನಿಂದಲೇ ಬಿರುಕು ಹೊರಡುತ್ತದೆ. ಕೊರೆಯುವ ಬದಲು ತಗಡನ್ನೇ ಒತ್ತಿ ಬಟ್ಟಲಿನ ಆಕಾರಕ್ಕೆ ತಗ್ಗಿಸಬಹುದು. ಆದರೆ ಅದರ ಹಿಂದಿನ ಚೌಕದ ಪೈಪಿನಲ್ಲೂ ಅಷ್ಟೇ ತಗ್ಗು ಬೇಕಾಗುತ್ತದೆ, ಜೊತೆಗೆ ಆ ಬಟ್ಟಲುಗಳಲ್ಲಿ ನೀರು ನಿಲ್ಲುತ್ತದೆ. ಆದ್ದರಿಂದ ತೆಳು ತಗಡಿಗೆ ಅಗಲವಾದ, ಚಪ್ಪಟೆಯಾದ ತಲೆಯೇ ಸರಿ ಎಂಬ ತೀರ್ಮಾನಕ್ಕೆ ನಾವು ಬಂದೆವು.

ಇನ್ನು ನೀರಿನ ದಾರಿ. ಬೇರೆಡೆ ಕಟ್ಟಿದ ಹಳೆಯ ಬಸ್ಸೊಂದು ಸೋರಿಕೆಯ ದೂರು ಹೊತ್ತು ನಮ್ಮ ಶೆಡ್ಡಿಗೆ ಬಂದಾಗ, ಕಿಟಕಿಯ ರಬ್ಬರನ್ನೂ ಛಾವಣಿಯ ಜೋಡಣೆಯನ್ನೂ ಎಲ್ಲರೂ ಪರೀಕ್ಷಿಸಿದ ಮೇಲೆ ನಮ್ಮ ಹಿರಿಯ ಮಿಸ್ತ್ರಿ ಒಳಗಿನ ಲೈನಿಂಗ್ ಬಿಚ್ಚಿಸಿ, ಟಾರ್ಚ್ ಹಿಡಿದು, "ನೋಡ್ರಿ ಸರ್, ನೀರು ರಿಪಿಟಿನ ಬಾಜೂದಿಂದ ಬರಲಿಕತ್ತಿಲ್ಲ, ನಡುವಿನ ತೂತಿನಿಂದನೇ ಬರಲಿಕತ್ತದ" ಎಂದರು. ಅವರ ಮಾತು ನಿಜವಾಗಿತ್ತು. ಸಾಮಾನ್ಯ ಪಾಪ್ ರಿವೆಟ್ಟಿನ ನಡುವೆ ಉಕ್ಕಿನ ಕಡ್ಡಿಯೊಂದು ಇರುತ್ತದೆ. ಎಳೆದಾಗ ಅದು ಮುರಿದು ಹೊರಭಾಗ ಕೈಗೆ ಬರುತ್ತದೆ, ಅದರ ತಲೆ ಒಳಗೇ ಉಳಿಯುತ್ತದೆ. ಉಳಿದ ತುಂಡಿನ ಸುತ್ತ ಇರುವ ಸಂದು ಕೂದಲೆಳೆಯಷ್ಟಿದ್ದರೂ ನೀರಿಗೆ ಸಾಕು. ಸಂದು ಕಿರಿದಾದಷ್ಟೂ ನೀರು ಅದರಲ್ಲಿ ತಾನಾಗಿಯೇ ಏರುವ ಬಲ ಹೆಚ್ಚುತ್ತದೆ. 0.1 ಮಿ.ಮೀ. ಅಂತರದ ಎರಡು ಶುದ್ಧ ಮೈಗಳ ನಡುವೆ ಅದು ಗುರುತ್ವಕ್ಕೆ ಎದುರಾಗಿ ಹತ್ತು ಸೆಂಟಿಮೀಟರಿಗೂ ಮಿಗಿಲಾಗಿ ಏರಬಲ್ಲದು. ತಳ ಮುಚ್ಚಿದ ಪುಟ್ಟ ಬಟ್ಟಲಿನಂತಹ ರಿವೆಟ್ಟುಗಳು ಮಾರುಕಟ್ಟೆಯಲ್ಲಿ ಸಿಗುತ್ತವೆ, ಬೆಲೆ ಹೆಚ್ಚು. ಬಿಚ್ಚುವ ಅಗತ್ಯವಿಲ್ಲದ ಕಡೆ ನಾವು ಅವನ್ನೇ ಬಳಸುತ್ತೇವೆ. 4.8 ಮಿ.ಮೀ. ರಿವೆಟ್ಟಿಗೆ 4.9ರ ತೂತು ಬೇಕೆಂದು ನಕ್ಷೆಯಲ್ಲಿ ಬರೆದಿದ್ದರೂ ಸವೆದ, ಓಲಾಡುವ ಡ್ರಿಲ್ ಬಿಟ್ಟು ತೂತನ್ನು 5.2ಕ್ಕೆ ಒಯ್ದರೆ ತಳ ಮುಚ್ಚಿದ ರಿವೆಟ್ಟೂ ಬಾಜೂದಿಂದ ಸೋರುತ್ತದೆ ಎಂಬುದನ್ನು ಮಾತ್ರ ಫಿಟ್ಟರ್‌ಗಳಿಗೆ ಮತ್ತೆ ಮತ್ತೆ ಹೇಳಬೇಕಾಗುತ್ತದೆ.

ಡಿಕ್ಕಿಯ ಪಕ್ಕದ ತಗಡು, ಚಕ್ರದ ಮೇಲಿನ ತಗಡುಗಳಂಥ ಬಿಚ್ಚಬೇಕಾದ ಜಾಗಗಳಲ್ಲಿ ಪೈಪಿಗೆ ರಿವೆಟ್ ನಟ್, ಅಂದರೆ ರಿವೆಟ್ಟಿನಂತೆ ತೂತಿನಲ್ಲಿ ಕಚ್ಚಿ ಕೂರುವ ನಟ್, ಕೂರಿಸಿ, ಹೊರಗಿನಿಂದ ಸ್ಕ್ರೂ ಹಾಕುತ್ತೇವೆ. ಇಲ್ಲೂ ತಳ ಮುಚ್ಚಿದ ನಟ್ಟನ್ನು ಆರಿಸಿದರೆ ನೀರಿನ ಕಾಟ ಮುಗಿಯಿತು ಎಂದು ಹಲವರು ತಿಳಿಯುತ್ತಾರೆ. ಮುಚ್ಚಿದ ತಳವು ಥ್ರೆಡ್ಡಿನ ಮೂಲಕ ಬರುವ ನೀರನ್ನಷ್ಟೇ ತಡೆಯುತ್ತದೆ. ನಟ್ಟಿನ ಹೊರಮೈಗೂ ಪೈಪಿನ ತೂತಿಗೂ ನಡುವಿನ ಉಂಗುರಾಕಾರದ ಸಂದು ಹಾಗೆಯೇ ಉಳಿಯುತ್ತದೆ. ನೀರನ್ನು ಅದು ಮೊದಲು ತಗಲುವ ಜಾಗದಲ್ಲಿಯೇ, ಎಂದರೆ ಹೊರತಗಡಿನ ಮೇಲೆ ಸ್ಕ್ರೂವಿನ ತಲೆಯ ಕೆಳಗೇ ನಿಲ್ಲಿಸಬೇಕು. ಹಿಂದೆ ನಿಲ್ಲಿಸಿದ ನೀರು ತಗಡಿಗೂ ಪೈಪಿಗೂ ನಡುವೆ ಕೂತು, ಕಾಣದ ಕಡೆ ತುಕ್ಕು ತರುತ್ತದೆ.

ಇಷ್ಟು ಎಲ್ಲ ಊರಿಗೂ ಅನ್ವಯಿಸುವ ವಿಷಯ. ನಮ್ಮ ಭಾಗದಲ್ಲಿ ಇದಕ್ಕೊಂದು ವಿಶೇಷ ಸೇರಿಕೊಳ್ಳುತ್ತದೆ. ಮೇ ತಿಂಗಳ ಮಧ್ಯಾಹ್ನ ಕಲಬುರಗಿಯ ಬಿಸಿಲು 43, 44 ಡಿಗ್ರಿ ದಾಟುವಾಗ ಕಡುಬಣ್ಣದ ಛಾವಣಿ 70 ಡಿಗ್ರಿಯ ಹತ್ತಿರಕ್ಕೆ ಕಾಯುತ್ತದೆ. ಸಂಜೆ ಗುಡುಗಿ ಒಮ್ಮೆಲೆ ಸುರಿಯುವ ಮಳೆ ಅದನ್ನು ನಿಮಿಷಗಳಲ್ಲಿ 30ಕ್ಕೆ ಇಳಿಸುತ್ತದೆ. ಚೌಕದ ಪೈಪುಗಳ ಒಳಗೆ, ಹೊರತಗಡು ಮತ್ತು ಒಳ ಲೈನಿಂಗಿನ ನಡುವೆ ಸಿಕ್ಕಿಕೊಂಡ ಗಾಳಿಯೂ ಅಷ್ಟೇ ಬೇಗ ತಣ್ಣಗಾಗುತ್ತದೆ. ಕಾದ ಚೊಂಬನ್ನು ತಣ್ಣೀರಿನಲ್ಲಿ ಬೋರಲು ಹಾಕಿದಾಗ ನೀರು ಒಳಗೆ ಏರುವಂತೆಯೇ ಇಲ್ಲಿಯೂ ಆಗುತ್ತದೆ. ಲೆಕ್ಕ ಹಾಕಿ ನೋಡಿದರೆ, ನಿರಪೇಕ್ಷ ಮಾನದಲ್ಲಿ, ಅಂದರೆ ಕೆಲ್ವಿನ್‌ನಲ್ಲಿ, 343ರಿಂದ 303ಕ್ಕೆ ಇಳಿದ ಗಾಳಿ, ಸಂಪೂರ್ಣ ಮುಚ್ಚಿದ ಪೆಟ್ಟಿಗೆಯಲ್ಲಿದ್ದರೆ, ತನ್ನ ಒತ್ತಡದಲ್ಲಿ ಸುಮಾರು 12 ಶೇಕಡಾ ಕಳೆದುಕೊಳ್ಳುತ್ತದೆ. ಅದು ಒಂದು ಮೀಟರಿಗಿಂತ ಹೆಚ್ಚು ಎತ್ತರದ ನೀರಿನ ಒತ್ತಡಕ್ಕೆ ಸಮ. ಒಂದು ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿಸಿಡುವುದು ಉಪಕರಣಗಳು ನೀರು ತಡೆಯುವ ದರ್ಜೆಗಳಲ್ಲೊಂದಾದ ಐಪಿಎಕ್ಸ್7ರ ಪರೀಕ್ಷೆ. ಬಸ್ಸಿನ ಛಾವಣಿಗೆ ಅಂಥ ದರ್ಜೆಯನ್ನು ಯಾರೂ ಕೇಳುವುದಿಲ್ಲ, ಆದರೆ ನಮ್ಮಲ್ಲಿನ ಮೊದಲ ಮಳೆ ಆ ಪರೀಕ್ಷೆಯ ಹತ್ತಿರಕ್ಕೆ ಅದನ್ನು ಒಯ್ದು ಬಿಡುತ್ತದೆ. ಜುಲೈ ತಿಂಗಳಿಡೀ ಜಿಟಿಜಿಟಿ ಮಳೆಯಲ್ಲಿ ಓಡಿದರೂ ಸೋರದ ಗಾಡಿ ಮೇ ತಿಂಗಳ ಒಂದು ಅಡ್ಡಮಳೆಗೆ ಸೋರುವುದು ಇದೇ ಕಾರಣಕ್ಕೆ.

ಇದರಿಂದ ಹೊರಡುವ ತೀರ್ಮಾನ ಕೇಳಿದವರಿಗೆ ಮೊದಲು ವಿಚಿತ್ರವೆನಿಸುತ್ತದೆ. ನೀರು ಬರಬಾರದೆಂದು ಎಲ್ಲ ಸಂದುಗಳಿಗೂ ಸೀಲಂಟ್ ಮೆತ್ತುತ್ತ ಹೋದಷ್ಟೂ ಒಳಗಿನ ಹೀರುವ ಬಲ ಹೆಚ್ಚುತ್ತದೆ, ಆ ಬಲವೆಲ್ಲ ಉಳಿದಿರುವ ಅತಿ ದುರ್ಬಲ ಸ್ಕ್ರೂವಿನ ಮೇಲೆ ಬೀಳುತ್ತದೆ. ಸ್ಕ್ರೂವನ್ನು ಜಲಭದ್ರ ಮಾಡುವ ಮೊದಲು ಪೆಟ್ಟಿಗೆಗೆ ಉಸಿರಾಡಲು ದಾರಿ ಕೊಡಬೇಕು. ನಾವು ಪ್ರತಿ ಪೈಪಿನ, ಪ್ರತಿ ಕೋಶದ ಅತಿ ಕೆಳಗಿನ ಬಿಂದುವಿನಲ್ಲಿ, ನೆಲದ ಕಡೆಗೆ ಮುಖ ಮಾಡಿದ ತೂತು ಇಡುತ್ತೇವೆ. ಒಳಗೆ ತೇವ ಸೇರಿದರೆ ಅಲ್ಲಿಂದ ಇಳಿದು ಹೋಗುತ್ತದೆ, ಗಾಳಿ ತಣ್ಣಗಾದಾಗ ಬೇಕಾದ ಗಾಳಿ ಅಲ್ಲಿಂದಲೇ ಒಳಗೆ ಬರುತ್ತದೆ. ಈ ತೂತುಗಳು ಚಕ್ರ ಎರಚುವ ಕೆಸರಿನ ನೇರದಲ್ಲಿ ಇರಬಾರದು. ನಮ್ಮ ಎರೆಮಣ್ಣು ಒಮ್ಮೆ ಮೆತ್ತಿಕೊಂಡು ಒಣಗಿತೆಂದರೆ ಸಿಮೆಂಟಿನ ಹಾಗೆ ಕಚ್ಚಿಕೊಳ್ಳುತ್ತದೆ.

ಈಗ ತಲೆಯ ಕೆಳಗಿನ ಸೀಲಿನ ಮಾತು. ಪೇಟೆಯಲ್ಲಿ ಸಿಗುವ ರಬ್ಬರ್ ವಾಶರ್ ಹಾಕಿದ ಸ್ಕ್ರೂಗಳಲ್ಲಿ ಬಿಗಿತದ ಬಲವೆಲ್ಲ ರಬ್ಬರಿನ ಮೂಲಕವೇ ಹಾದು ಹೋಗುತ್ತದೆ. ರಬ್ಬರ್ ಒತ್ತಡದಲ್ಲಿ ಆಕಾರ ಬದಲಿಸುತ್ತದೆಯೇ ಹೊರತು ಗಾತ್ರ ಕಳೆದುಕೊಳ್ಳುವುದಿಲ್ಲ. ಇಂಪ್ಯಾಕ್ಟ್ ಗನ್ ಹಚ್ಚಿದರೆ ಅದು ತಲೆಯ ಅಂಚಿನಿಂದ ಆಚೆ ಉಬ್ಬಿ ಹರಿಯುತ್ತದೆ. ಕಡಿಮೆ ಬಿಗಿದರೆ ಅದುರಿಗೆ ಸಡಿಲಾಗುತ್ತದೆ. ಸರಿಯಾಗಿ ಬಿಗಿದದ್ದೂ ಒಂದೆರಡು ಬೇಸಿಗೆ ಕಳೆಯುವಷ್ಟರಲ್ಲಿ ಒತ್ತಿದ ಆಕಾರದಲ್ಲೇ ಗಟ್ಟಿಯಾಗಿ, ಬಿಗಿತ ಕಳೆದುಕೊಳ್ಳುತ್ತದೆ. ಆದ್ದರಿಂದ ನಾವು ಮಾಡಿಸಿದ ಸ್ಕ್ರೂವಿನ ತಲೆಯ ಅಡಿಯಲ್ಲಿ ಒಂದು ಗ್ರೂವ್, ಅಂದರೆ ಬಳೆಯಾಕಾರದ ತೋಡು, ಇದೆ. ತಲೆಯ ವ್ಯಾಸ 16 ಮಿ.ಮೀ., ಎತ್ತರ 2.6 ಮಿ.ಮೀ. ಮಾತ್ರ, ಸಾಮಾನ್ಯ ಎಂ6 ಬಟನ್ ತಲೆಯ 3.3ಕ್ಕಿಂತಲೂ ತಗ್ಗು. ಗ್ರೂವ್ 9.5ರಿಂದ 13.5 ವ್ಯಾಸದವರೆಗೆ 2 ಮಿ.ಮೀ. ಅಗಲ, 1.1 ಮಿ.ಮೀ. ಆಳ. ಅದರಲ್ಲಿ 1.5 ಮಿ.ಮೀ. ದಪ್ಪದ ಓ-ರಿಂಗ್ ಎಂಬ ರಬ್ಬರ್ ಬಳೆ ಕೂರುತ್ತದೆ. ಬಿಗಿದಾಗ ರಿಂಗ್ 0.4 ಮಿ.ಮೀ., ಅಂದರೆ ಸುಮಾರು 27 ಶೇಕಡಾ ಒತ್ತಿಕೊಳ್ಳುತ್ತದೆ. ಅಲ್ಲಿಗೆ ತಲೆಯ ಲೋಹ ತಗಡಿನ ಲೋಹವನ್ನು ಮುಟ್ಟಿ ನಿಲ್ಲುತ್ತದೆ. ರಿಂಗಿನ ಅಡ್ಡಕೊಯ್ತದ ಕ್ಷೇತ್ರ 1.77 ಚದರ ಮಿ.ಮೀ., ಗ್ರೂವಿನದು 2.2, ಆದ್ದರಿಂದ ಉಬ್ಬಲು ಐದರಲ್ಲೊಂದು ಪಾಲು ಜಾಗ ಖಾಲಿ ಉಳಿಯುತ್ತದೆ. ಆಮೇಲೆ ಎಷ್ಟೇ ಬಿಗಿದರೂ ರಬ್ಬರಿಗೆ ಹೆಚ್ಚಿನ ಒತ್ತಡ ಬೀಳುವುದಿಲ್ಲ. ನಕ್ಷೆಯಲ್ಲಿ 6 ನ್ಯೂಟನ್-ಮೀಟರ್ ಬಿಗಿತ ಎಂದು ಬರೆದಿದ್ದೇವೆ. ಫಿಟ್ಟರ್ 5 ಹಾಕಲಿ, 8 ಹಾಕಲಿ, ಸೀಲಿನ ಪಾಲಿಗೆ ವ್ಯತ್ಯಾಸವಿಲ್ಲ. ನನ್ನ ಮಟ್ಟಿಗೆ ಈ ಇಡೀ ವಿನ್ಯಾಸದ ತಿರುಳು ಇದೇ: ಬಿಗಿಯುವ ಬಲದ ದಾರಿಯೂ ನೀರು ತಡೆಯುವ ರಬ್ಬರಿನ ಕೆಲಸವೂ ಬೇರೆ ಬೇರೆಯಾಗಿರಬೇಕು.

ಬಿಸಿಲು ಇನ್ನೊಂದು ಕಡೆಯಿಂದಲೂ ಕೈ ಹಾಕುತ್ತದೆ. ಅಲ್ಯೂಮಿನಿಯಂ ತಗಡು ಒಂದು ಡಿಗ್ರಿಗೆ ಮೀಟರಿಗೆ 23 ಮೈಕ್ರಾನ್ ಹಿಗ್ಗಿದರೆ, ಅದರ ಹಿಂದಿನ ಉಕ್ಕಿನ ಪೈಪು 12 ಮೈಕ್ರಾನ್ ಹಿಗ್ಗುತ್ತದೆ. ಎರಡು ಮೀಟರ್ ಉದ್ದದ ತಗಡಿಗೆ 50 ಡಿಗ್ರಿ ಏರಿಳಿತವಾದರೆ ಇವೆರಡರ ಅಂತರ 1.1 ಮಿ.ಮೀ. ಜಾರಲು ಜಾಗವಿಲ್ಲದಿದ್ದರೆ ತಗಡು ಸ್ಕ್ರೂಗಳ ನಡುವೆ ಉಬ್ಬುತ್ತದೆ, ಉಬ್ಬಿದ ಕಡೆ ಸೀಲು ಬಾಯಿ ಬಿಡುತ್ತದೆ. ಹಾಗಾಗಿ ನಡುವಿನ ತೂತನ್ನು ಮಾತ್ರ ದುಂಡಾಗಿಟ್ಟು, ಉಳಿದವನ್ನು ಉದ್ದುದ್ದ ಕೊರೆಯುತ್ತೇವೆ. ಎರಡೂ ತುದಿಗಳಿಗೆ ಅರ್ಧ ಮಿ.ಮೀ.ಗಿಂತ ತುಸು ಹೆಚ್ಚು ಚಲನೆ ಹಂಚಿ ಹೋಗುತ್ತದೆ. ಆದರೆ ಉದ್ದ ತೂತು ಓ-ರಿಂಗಿನ ಕೆಳಗಿನಿಂದ ಇಣುಕಬಾರದು. ನಮ್ಮದು 8 ಮಿ.ಮೀ. ಉದ್ದ, 6 ಮಿ.ಮೀ. ಸ್ಕ್ರೂ ಅದರ ಒಂದು ತುದಿಗೆ ತಾಗಿ ನಿಂತಾಗಲೂ ಇನ್ನೊಂದು ತುದಿ ಸ್ಕ್ರೂವಿನ ನಡುಬಿಂದುವಿನಿಂದ 5 ಮಿ.ಮೀ. ದೂರದಲ್ಲಿರುತ್ತದೆ, ರಿಂಗ್ ಒತ್ತುವ ಗೆರೆ 5.75ರಲ್ಲಿದೆ. ಮುಕ್ಕಾಲು ಮಿ.ಮೀ. ಉಳಿತಾಯ. ತಲೆಯನ್ನು 16ಕ್ಕಿಂತ ಚಿಕ್ಕದು ಮಾಡೋಣವೆಂದು ಖರೀದಿ ವಿಭಾಗದವರು ಕೇಳಿದಾಗಲೆಲ್ಲ ನಾನು ತೋರಿಸುವುದು ಈ ಮುಕ್ಕಾಲನ್ನೇ.

ರಿಂಗಿಗೆ ನಾವು ಇಪಿಡಿಎಂ ರಬ್ಬರ್ ಆರಿಸಿದ್ದೇವೆ. ಬಿಸಿಲು, ಓಝೋನ್, ಮಳೆಗೆ ಅದು ಬಾಳುತ್ತದೆ. ಡೀಸೆಲ್ ತಗಲಿದರೆ ಮಾತ್ರ ಊದಿಕೊಳ್ಳುತ್ತದೆ, ಆದ್ದರಿಂದ ಡೀಸೆಲ್ ಟ್ಯಾಂಕಿನ ಬಾಗಿಲ ಸುತ್ತ ಡೀಸೆಲ್ ತಾಳುವ ನೈಟ್ರೈಲ್ ರಬ್ಬರಿನ ರಿಂಗ್ ಹಾಕಿ, ಬಿಸಿಲು ನೇರ ಬೀಳದಂತೆ ಅದನ್ನು ಪೂರ್ತಿ ಗ್ರೂವಿನೊಳಗೆ ಅಡಗಿಸುತ್ತೇವೆ. ಸ್ಟೇನ್‌ಲೆಸ್ ಸ್ಕ್ರೂ ಅಲ್ಯೂಮಿನಿಯಂ ತಗಡನ್ನು ತೇವದಲ್ಲಿ ಮುಟ್ಟಿದರೆ ಸವೆಯುವುದು ಅಲ್ಯೂಮಿನಿಯಮ್ಮೇ. ತಗಡು ದೊಡ್ಡದು, ಸ್ಕ್ರೂ ಚಿಕ್ಕದು ಎಂಬ ಕಾರಣಕ್ಕೆ ಆ ಸವೆತ ನಿಧಾನ. ಸೇಡಂ, ವಾಡಿ ಕಡೆಯ ಸಿಮೆಂಟ್ ದಾರಿಗಳಲ್ಲಿ ಓಡುವ ಗಾಡಿಗಳ ಕಥೆ ಬೇರೆ. ಒದ್ದೆಯಾದ ಸಿಮೆಂಟ್ ಧೂಳು ತೀವ್ರ ಕ್ಷಾರ. ಅಲ್ಯೂಮಿನಿಯಂ ತನ್ನ ಮೈಮೇಲೆ ಕಟ್ಟಿಕೊಂಡ ಆಕ್ಸೈಡ್ ಪದರವನ್ನು ಅದು ಕರಗಿಸುತ್ತದೆ. ತಲೆಯ ಅಂಚಿನ ಸುತ್ತ ಬಿಳಿ ಪುಡಿ ಎದ್ದಿದ್ದರೆ ಸೀಲಿನ ಹೊರಗೇ ಸವೆತ ಶುರುವಾಗಿದೆ ಎಂದರ್ಥ. ಆ ಗಾಡಿಗಳಲ್ಲಿ ತೂತು ಕೊರೆದ ಮೇಲೆ ಬರಿಯ ಅಂಚಿಗೆ ಪ್ರೈಮರ್ ಹಚ್ಚದೆ ಸ್ಕ್ರೂ ಹಾಕಲು ನಾನು ಒಪ್ಪುವುದಿಲ್ಲ.

ಪರೀಕ್ಷೆಯನ್ನು ನಾವು ಬೆಳಗಿನ ತಂಪಿನಲ್ಲಿ ಮಾಡುವುದಿಲ್ಲ. ಗಾಡಿಯನ್ನು ಮಧ್ಯಾಹ್ನ ಮೂರರವರೆಗೆ ಬಿಸಿಲಲ್ಲಿ ನಿಲ್ಲಿಸಿ, ಒಳಗಡೆ ಪ್ರತಿ ರಿವೆಟ್ ನಟ್ಟಿನ ಸುತ್ತ ಸೀಮೆಸುಣ್ಣದ ಪುಡಿ ಬಳಿದು, ಬಟ್ಟೆಗೆ ಹಾಕುವ ನೀಲಿ ಬೆರೆಸಿದ ತಣ್ಣೀರನ್ನು ಹೊರಗಿನಿಂದ ಹಾಯಿಸುತ್ತೇವೆ. ಸೋರಿದ ಕಡೆ ಬಿಳಿ ಪುಡಿಯ ಮೇಲೆ ನೀಲಿ ಗೆರೆ ಮೂಡುತ್ತದೆ. ಗೆರೆ ನಟ್ಟಿನ ಅಂಚಿನಿಂದ ಹೊರಟಿದೆಯೋ, ತಗಡಿನ ಜೋಡಣೆಯಿಂದ ಇಳಿದು ಬಂದಿದೆಯೋ ಎಂಬುದನ್ನು ಬೆರಳಿಟ್ಟು ತೋರಿಸಬಹುದು. ದುಬಾರಿ ಉಪಕರಣಗಳು ಸೋರಿಕೆ ಇದೆ ಎಂದು ಹೇಳುತ್ತವೆ, ಈ ಪುಡಿ ಎಲ್ಲಿಂದ ಎಂಬುದನ್ನೂ ಹೇಳುತ್ತದೆ.

ಸ್ಕ್ರೂವಿನ ತಲೆಗೆ ಯಾವ ಕೀಲಿ ಎಂಬ ಚರ್ಚೆ ಬಹಳ ದಿನ ನಡೆಯಿತು. ನಕ್ಷತ್ರಾಕಾರದ ಕೀಲಿ ಹಿಡಿತದಲ್ಲಿ ಉತ್ತಮ, ತೆಳು ತಲೆಗೆ ಅದೇ ಸೂಕ್ತ ಎಂದು ಸರಬರಾಜುದಾರರು ವಾದಿಸಿದರು. ನಾನು 4 ಮಿ.ಮೀ.ನ ಆರು ಮೂಲೆಯ ಅಲೆನ್ ಕೀಲಿಯನ್ನೇ ಹಿಡಿದುಕೊಂಡೆ; ಜೇವರ್ಗಿಯ ರಸ್ತೆಬದಿಯ ಗ್ಯಾರೇಜಿನಿಂದ ಔರಾದದವರೆಗೆ ಅದಿಲ್ಲದ ಮೆಕ್ಯಾನಿಕ್ ಇಲ್ಲ. ನಕ್ಷತ್ರ ಕೀಲಿ ಇಲ್ಲದ ಕಡೆ ಉಳಿ, ಸುತ್ತಿಗೆ ಹೊರಬರುತ್ತವೆ, ಆಗ ತಗಡೂ ಉಳಿಯುವುದಿಲ್ಲ.

ದಾರಿಯಲ್ಲಿ ಬಿಚ್ಚಿದ ಸ್ಕ್ರೂವನ್ನು ರಿಂಗ್ ಇಲ್ಲದೆ ಮರಳಿ ಹಾಕುವ ಸಮಸ್ಯೆ ಆಮೇಲೂ ಉಳಿದಿತ್ತು. ಕಪ್ಪು ರಿಂಗ್ ಕಪ್ಪು ನೆರಳಿನ ಗ್ರೂವಿನಲ್ಲಿ ಇದೆಯೋ ಬಿದ್ದು ಹೋಗಿದೆಯೋ ಎಂಬುದು ಎಣ್ಣೆ ಹತ್ತಿದ ಕೈಯಲ್ಲಿ ಹಿಡಿದವನಿಗೆ ಕಾಣುವುದಿಲ್ಲ. ರಿಂಗಿಗೇ ಬಣ್ಣ ಕೊಡುವ ಸಲಹೆ ಬಂತು. ಆದರೆ ರಬ್ಬರಿಗೆ ಬಿಸಿಲು ತಾಳುವ ಶಕ್ತಿ ಬಹುಪಾಲು ಅದರಲ್ಲಿ ಬೆರೆತ ಕಪ್ಪು ಇಂಗಾಲದಿಂದಲೇ ಬರುತ್ತದೆ, ಅದನ್ನು ತೆಗೆದರೆ ಇಲ್ಲಿನ ಬೇಸಿಗೆಗೆ ಅದು ಬಾಳುವುದಿಲ್ಲ. ಕೊನೆಗೆ ರಿಂಗನ್ನು ಕಪ್ಪಾಗಿಯೇ ಬಿಟ್ಟು, ಗ್ರೂವಿನ ತಳಕ್ಕೆ ತೆಳುವಾಗಿ ಹಳದಿ ಬಣ್ಣ ಹಚ್ಚಿಸಿದೆವು. ಸ್ಕ್ರೂವನ್ನು ತಿರುಗಿಸಿ ನೋಡಿದಾಗ ಹಳದಿಯ ಪೂರ್ತಿ ಬಳೆ ಕಂಡರೆ ರಿಂಗ್ ಇಲ್ಲವೆಂದು ತಿಳಿಯಬೇಕು. ಡಿಕ್ಕಿಯ ಒಳಬದಿಯಲ್ಲಿ ಅಂಟಿಸಿದ ಪುಟ್ಟ ಚೀಲದಲ್ಲಿ ಹೊಸ ರಿಂಗುಗಳಿರುತ್ತವೆ, ಅದರಿಂದ ಒಂದನ್ನು ತೆಗೆದು ಹಾಕಬೇಕು.