ಕೌದಿ ಕಲಿಸುವುದು ಯಾವ ತುದಿಯಿಂದ?

ಭಾನುವಾರ, 12 ಅಕ್ಟೋಬರ್ 2025

ಕೌದಿ ಹೊಲಿಯುವುದನ್ನು ಕಲಿಸುವವರು ಸಾಮಾನ್ಯವಾಗಿ ತುಂಡು ಕತ್ತರಿಸುವುದರಿಂದ ಶುರು ಮಾಡುತ್ತಾರೆ. ನನಗೆ ಅದು ಅಷ್ಟು ಸರಿ ಕಾಣುವುದಿಲ್ಲ. ಅಳೆದು, ಕತ್ತರಿಸಿ, ಜೋಡಿಸಿ, ಇಸ್ತ್ರಿ ಹಾಕಿ, ಪದರ ಹಾಸುವಷ್ಟರಲ್ಲಿ ತಿಂಗಳುಗಳೇ ಕಳೆದಿರುತ್ತವೆ. ಮೇಲಿನ ಬಟ್ಟೆ, ನಡುವಿನ ಹತ್ತಿ, ಕೆಳಗಿನ ಅಸ್ತರು ಮೂರನ್ನೂ ಸೇರಿಸಿ ಸೂಜಿ ಇಳಿದಾಗ ತಾನೇ ಅದು ಕೌದಿ ಆಗುವುದು? ಆ ಖುಷಿ ಸಿಗುವ ಮೊದಲೇ ಎಷ್ಟೋ ಜನ ಕೈಬಿಟ್ಟುಬಿಡುತ್ತಾರೆ.

ಅದಕ್ಕೇ ಇವತ್ತು ತಂಗಿ ಮಗಳಿಗೆ ಕೊನೆಯ ಕೆಲಸವನ್ನೇ ಮೊದಲು ಕೊಟ್ಟೆ. 12 ಇಂಚಿನ ಎರಡು ಸಾದಾ ಬಟ್ಟೆ, ನಡುವೆ ತೆಳು ಹತ್ತಿ. ಸುತ್ತ ಕಚ್ಚಾ ಹೊಲಿಗೆ ಹಾಕಿಟ್ಟಿದ್ದೆ. ಬಿಳಿ ಬಟ್ಟೆಗೆ ಕೆಂಪು ದಾರ. ಬಟ್ಟೆಯ ಬಣ್ಣದ ದಾರ ಕೊಟ್ಟರೆ ಹೊಲಿಗೆ ಕಣ್ಣಿಗೇ ಬೀಳುವುದಿಲ್ಲ, ಕಲಿಯುವವರಿಗೆ ತಾವು ಏನು ಮಾಡುತ್ತಿದ್ದೇವೆ ಅಂತ ಕಾಣಬೇಕು.

ಈ ಹೊಲಿಗೆ ಅಂದರೆ ಎಲ್ಲರಿಗೂ ಗೊತ್ತಿರುವ ರನ್ನಿಂಗ್ ಹೊಲಿಗೆಯೇ. ಆದರೆ ದಪ್ಪ ಪದರದಲ್ಲಿ ಹಾಕುವ ಬಗೆ ಬೇರೆ. ಸೂಜಿ ಗಿಡ್ಡವಾಗಿರಬೇಕು. ಅದನ್ನು ಮೊದಲು ನೇರ ನಿಲ್ಲಿಸಿ ಇಳಿಸಬೇಕು. ಕೆಳಗಿಟ್ಟ ಕೈಯ ಬೆರಳಿಗೆ ಮೊನೆ ಸೋಕಿತು ಅಂದ ತಕ್ಷಣ ಸೂಜಿಯನ್ನು ಮಲಗಿಸಿ ಮೇಲೆತ್ತಬೇಕು. ಮತ್ತೆ ನಿಲ್ಲಿಸು, ಮತ್ತೆ ಮಲಗಿಸು. ಹೀಗೆ ಮೂರು ನಾಲ್ಕು ಹೊಲಿಗೆ ಸೂಜಿಯ ಮೇಲೆ ಕೂತ ಮೇಲೆ ಬೆರಳಿಗೆ ಹಾಕಿದ ಲೋಹದ ಟೋಪಿಯಿಂದ ಒಟ್ಟಿಗೆ ದೂಡಿ ದಾರ ಎಳೆಯಬೇಕು. ಓದಿದರೆ ಅರ್ಥವಾಗುವಂಥದ್ದಲ್ಲ ಇದು. ಪಕ್ಕದಲ್ಲಿ ಕೂತು ನೋಡಬೇಕು, ಕೈಯಲ್ಲಿ ಕೈ ಇಟ್ಟು ಒಂದೆರಡು ಸಲ ಮಾಡಿಸಬೇಕು. ಮೇಲಿನ ಕೈಯನ್ನೇ ಎಲ್ಲರೂ ನೋಡುತ್ತಾರೆ, ನಿಜವಾದ ಕೆಲಸ ಇರುವುದು ಕೆಳಗಿನ ಕೈಯಲ್ಲಿ. ಸೂಜಿ ಅಸ್ತರಿನವರೆಗೆ ಮುಟ್ಟಿತೋ ಇಲ್ಲವೋ ಹೇಳುವುದು ಆ ಬೆರಳೇ.

"ದೊಡ್ಡಮ್ಮ, ಇನ್ನೂ ಸಣ್ಣ ಹಾಕಲಾ?" ಅಂತ ಕೇಳಿದಳು. ಬೇಡ ಅಂದೆ. ಪಳಗಿದ ಕೈಯವರು ಒಂದು ಇಂಚಿಗೆ 10, 12 ಹೊಲಿಗೆ ಹಾಕುತ್ತಾರೆ, ನಿಜ. ಹೊಸಬರಿಗೆ 4, 5 ಬಂದರೂ ಸಾಕು, ಆದರೆ ಒಂದೇ ಸಮ ಇರಬೇಕು. ಹೊಲಿಗೆ ಎಷ್ಟುದ್ದವೋ ನಡುವಿನ ಖಾಲಿ ಜಾಗವೂ ಅಷ್ಟೇ ಉದ್ದ. ಸಮ ಬಂದ ಕೈಗೆ ಸಣ್ಣದು ತಾನಾಗಿ ಬರುತ್ತದೆ. ಮೊದಲೇ ಸಣ್ಣದರ ಹಿಂದೆ ಬಿದ್ದ ಕೈಗೆ ಸಮ ಬರುವುದು ಕಷ್ಟ.

ಗಂಟನ್ನು ಒಳಗೆ ಅಡಗಿಸುವುದನ್ನು ತೋರಿಸಿದಾಗ ಮಾತ್ರ ಅವಳ ಮುಖ ನೋಡಬೇಕಿತ್ತು! ಸಣ್ಣ ಗಂಟು ಹಾಕಿ, ಸೂಜಿಯನ್ನು ಒಂದು ಇಂಚು ದೂರದಿಂದ ಹತ್ತಿಯೊಳಗೇ ತೂರಿಸಿ, ಶುರು ಮಾಡುವ ಜಾಗದಲ್ಲಿ ಹೊರತೆಗೆದು ದಾರವನ್ನು ಮೆಲ್ಲಗೆ ಜಗ್ಗಿದರೆ ಗಂಟು ಟಪ್ ಅಂತ ಒಳಗೆ ಹೋಗಿ ಹತ್ತಿಯಲ್ಲಿ ಕೂರುತ್ತದೆ. ಹಿಂದೆ ಮುಂದೆ ಎಲ್ಲೂ ಕಾಣುವುದಿಲ್ಲ. ಸುಮ್ನೆ ಇದೊಂದನ್ನೇ ಹತ್ತಾರು ಸಲ ಮಾಡಿದಳು.

ಹೊಲಿಗೆಯನ್ನು ಬಟ್ಟೆಯ ನಡುವಿನಿಂದ ಶುರು ಮಾಡಿ ಅಂಚಿನ ಕಡೆಗೆ ಹೋಗು ಅಂತ ಹೇಳಿದ್ದೆ. ಆಮೇಲೆ ಬಂತು ಒಳ್ಳೆಯ ಪ್ರಶ್ನೆ. "ನಡುವಿನಿಂದಲೇ ಯಾಕೆ ಶುರು ಮಾಡಬೇಕು?"

ಮೂರು ಪದರಗಳನ್ನು ಮೊದಲೇ ಹಾಸಿ ಸೇರಿಸಿರುವಾಗ ಪ್ರತಿ ಸಾಲು ಹೊಲಿಗೆಯೂ ಬಟ್ಟೆಯನ್ನು ಒಂಚೂರು ದೂಡುತ್ತದೆ. ನಡುವಿನಿಂದ ಹೊರಗೆ ಹೊರಟರೆ ಜಾಸ್ತಿಯಾದ ಬಟ್ಟೆ ಅಂಚಿಗೆ ಸರಿದು ಹೋಗುತ್ತದೆ. ಅಂಚಿನಿಂದ ಒಳಗೆ ಬಂದರೆ ಅದೆಲ್ಲ ನಡುವೆ ಸಿಕ್ಕಿಬಿದ್ದು ಸುಕ್ಕಾಗುತ್ತದೆ. ಇಷ್ಟು ಹೇಳಿ ನಿಲ್ಲಿಸಬಹುದಿತ್ತು. ಆದರೆ ಇದಕ್ಕೆ ಪೂರ್ತಿ ಎದುರಾದ ಇನ್ನೊಂದು ದಾರಿ ಇದೆ, ಅದನ್ನೂ ಹೇಳದಿದ್ದರೆ ಪಾಠ ಅರ್ಧವೇ.

ಉತ್ತರ ಕನ್ನಡದ ಸಿದ್ದಿ ಹೆಂಗಸರು ಕೌದಿಯನ್ನು ಒಂದು ಮೂಲೆಯಿಂದ ಶುರು ಮಾಡುತ್ತಾರೆ. ಅಂಚಿನ ಸುತ್ತ ಹೊಲಿಯುತ್ತಾ ಒಳಗೆ ಒಳಗೆ ಬಂದು ನಡುವೆ ಮುಗಿಸುತ್ತಾರೆ. ಸುಕ್ಕು ಬರುವುದಿಲ್ಲವಾ? ಬರುವುದಿಲ್ಲ, ಯಾಕೆಂದರೆ ಅವರು ಮೇಲಿನ ಬಟ್ಟೆಯನ್ನು ಮೊದಲೇ ಜೋಡಿಸಿ ಇಟ್ಟುಕೊಂಡಿರುವುದಿಲ್ಲ. ಹಳೆ ಸೀರೆ, ಅಂಗಿಯ ತುಂಡುಗಳನ್ನು ಒಂದೊಂದಾಗಿ ಇಟ್ಟು, ಅಂಚು ಮಡಚಿ, ಅಲ್ಲಲ್ಲೇ ಎಲ್ಲ ಪದರಕ್ಕೂ ಸೇರಿಸಿ ಹೊಲಿಯುತ್ತಾ ಹೋಗುತ್ತಾರೆ. ಎಷ್ಟು ಬಟ್ಟೆ ಬೇಕೋ ಅಷ್ಟೇ ಇಡುತ್ತಾರೆ, ದೂಡುವುದಕ್ಕೆ ಹೆಚ್ಚಿನದು ಉಳಿದೇ ಇರುವುದಿಲ್ಲ. ಕೊನೆಗೆ ನಾಲ್ಕು ಮೂಲೆಗೂ ಮಡಚಿದ ತ್ರಿಕೋನದ ತುಂಡು ಹಚ್ಚುತ್ತಾರೆ, ಅದನ್ನು ಹೂವು ಅನ್ನುತ್ತಾರೆ. ಅದಿಲ್ಲದ ಕೌದಿ ಅವರ ಕಣ್ಣಿಗೆ ಬರಿಮೈಯಲ್ಲಿದ್ದ ಹಾಗೆ. ನನಗೆ ಈ ವಿವರ ತುಂಬಾ ಇಷ್ಟ.

ನಿಯಮದ ಜೊತೆ ಅದರ ಕಾರಣವನ್ನೂ ಕೊಡಬೇಕು ಅಂತ ನಾನು ಹಟ ಮಾಡುವುದು ಇದಕ್ಕೇ. ಕಾರಣ ಗೊತ್ತಿದ್ದವಳು ಯಾವ ಬಗೆಯ ಕೌದಿ ಕೈಗೆ ಬಂದರೂ ಎಲ್ಲಿಂದ ಶುರು ಮಾಡಬೇಕು ಅಂತ ತಾನೇ ಕಂಡುಕೊಳ್ಳುತ್ತಾಳೆ.

ತುಂಡುಗಳನ್ನು ಜೋಡಿಸಲು ಪ್ರತಿ ಅಂಚಿನಲ್ಲೂ ಹೊಲಿಗೆಗೆ ಬಿಡುವ ಕಾಲಿಂಚು ಮಾರ್ಜಿನ್ನಿನ ಪಾಠವೂ ಹಾಗೇ. ಅದಿನ್ನೂ ಮುಂದಿದೆ, ಆದರೆ ಲೆಕ್ಕವನ್ನು ಇವತ್ತೇ ಬರೆದು ತೋರಿಸಿದೆ. 4 ಇಂಚಿನ ಚೌಕ ಬೇಕಾದರೆ ನಾಲ್ಕೂವರೆ ಇಂಚು ಕತ್ತರಿಸಬೇಕು. ಅಂಥ 8 ತುಂಡು ಸೇರಿದರೆ 32 ಇಂಚಿನ ಸಾಲು, ನಡುವೆ 7 ಜೋಡಣೆ. ಮಾರ್ಜಿನ್ ಬರೀ 1/16 ಇಂಚು ಹೆಚ್ಚಾಯಿತು ಅಂದುಕೊಳ್ಳಿ. ಎರಡೂ ತುಂಡಿನಿಂದ ಹೋಗುವುದರಿಂದ ಒಂದು ಜೋಡಣೆಗೆ 1/8 ಇಂಚು ನಷ್ಟ. ಸಾಲು ಮುಗಿಯುವಷ್ಟರಲ್ಲಿ 7/8 ಇಂಚು ಕಡಿಮೆ! ಪಕ್ಕದ ಸಾಲು ಸರಿ ಇದ್ದರೆ ಎರಡೂ ಸೇರುವುದೇ ಇಲ್ಲ. ಈ ಲೆಕ್ಕ ನೋಡಿದ ಮೇಲೆ ಅಳತೆ ಸರಿ ಇರಲಿ ಅಂತ ಯಾರಿಗೂ ಎರಡು ಸಲ ಹೇಳಬೇಕಾಗುವುದಿಲ್ಲ. ಕ್ರಾಸ್ ಆಗಿ, ಅಂದರೆ ಬಟ್ಟೆಯ ಎಳೆಗೆ ಓರೆಯಾಗಿ ಕತ್ತರಿಸಿದ ತುಂಡು ಎಳೆದರೆ ಹಿಗ್ಗುತ್ತದೆ, ಅದಕ್ಕೆ ಇಸ್ತ್ರಿಯನ್ನು ಉಜ್ಜದೆ ಬರೀ ಒತ್ತಬೇಕು ಅನ್ನುವುದೂ ಬಟ್ಟೆಯನ್ನು ಒಂದು ಸಲ ಕೈಯಲ್ಲಿ ಜಗ್ಗಿ ನೋಡಿದರೆ ಗೊತ್ತಾಗುತ್ತದೆ.

ಕತ್ತರಿಸುವುದಂತೂ ಈಗ ಸುಲಭವಾಗಿದೆ. 1979ರಲ್ಲಿ ಜಪಾನಿನ ಓಲ್ಫಾ ಕಂಪನಿ ಉರುಳುವ ಬ್ಲೇಡಿನ ರೋಟರಿ ಕಟರ್ ತಂದಿತು. ಅದಕ್ಕೆ ಮೊದಲು ರಟ್ಟಿನ ಅಚ್ಚು ಇಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದು ಒಂದೊಂದೇ ತುಂಡು ಕತ್ತರಿಯಲ್ಲಿ ಕತ್ತರಿಸುತ್ತಿದ್ದರು.

ಅಚ್ಚೂ ಇಲ್ಲದೆ ಕಲಿತವರೂ ಇದ್ದಾರೆ. ಅಮೆರಿಕದ ಅಲಬಾಮಾದ ಜೀಸ್ ಬೆಂಡ್ ಎಂಬ ಊರಿನ ಕಪ್ಪು ಹೆಂಗಸರು ತಾಯಿ, ಅಜ್ಜಿಯರ ಪಕ್ಕ ಕೂತು, ಹರಿದ ಕೆಲಸದ ಬಟ್ಟೆಗಳಲ್ಲೇ ಕೌದಿ ಕಲಿತರು. ನಡುವೆ ಒಂದು ತುಂಡು ಇಟ್ಟು ಸುತ್ತ ಪಟ್ಟಿ ಸೇರಿಸುತ್ತಾ ಬೆಳೆಸುವುದು ಅವರಿಗೆ ಪ್ರಿಯವಾದ ಒಂದು ಬಗೆ. 2002ರಲ್ಲಿ ಹ್ಯೂಸ್ಟನ್ನಿನ ಕಲಾ ಮ್ಯೂಸಿಯಂ ಆ ಕೌದಿಗಳನ್ನು ಗೋಡೆಗೆ ತೂಗುಹಾಕಿ ತೋರಿಸಿತು. ಪಟ್ಟಿಗಳು ಓರೆಯಾಗಿವೆ, ಅಗಲ ಒಂದೇ ಇಲ್ಲ, ಆದರೂ ಅವುಗಳ ಫೋಟೋ ನೋಡುತ್ತಾ ನಾನು ಗಂಟೆಗಟ್ಟಲೆ ಕೂರಬಲ್ಲೆ. ಅವಳಿಗೂ ತೋರಿಸಿದೆ. ಏನೂ ಮಾತಾಡದೆ ದೊಡ್ಡದು ಮಾಡಿ ಮಾಡಿ ನೋಡಿದಳು.

ಸಂಜೆ ತನ್ನ ಚೌಕವನ್ನು ಬೆಳಕಿಗೆ ಹಿಡಿದು, ಎರಡು ಸಾಲು ಅಂಕುಡೊಂಕಾಗಿವೆ, ಬಿಚ್ಚುತ್ತೇನೆ ಅಂದಳು. ಒಗೆಯುವವರೆಗೆ ಬಿಚ್ಚಬೇಡ ಅಂದಿದ್ದೇನೆ. ಮೊದಲ ಒಗೆತಕ್ಕೆ ಹತ್ತಿ ಸ್ವಲ್ಪ ಕುಗ್ಗುತ್ತದೆ, ಹೊಲಿಗೆಯ ಅಕ್ಕಪಕ್ಕ ಬಟ್ಟೆ ಉಬ್ಬಿಕೊಳ್ಳುತ್ತದೆ. ಆಗಲೂ ಆ ಎರಡು ಸಾಲು ಅವಳ ಕಣ್ಣಿಗೆ ಚುಚ್ಚಿದರೆ ಬಿಚ್ಚಲಿ, ನಾನೇ ಕತ್ತರಿ ಕೊಡುತ್ತೇನೆ.