ಕುದಿಸಿ ಸಾಯಿಸಿದರೆ ಮುಗೀತಲ್ಲ?

ಏನು ಕೆಲಸ ನಿಮ್ಮದು ಎಂದು ಯಾರಾದರೂ ಕೇಳಿದರೆ, ರೋಗ ತರುವ ಬ್ಯಾಕ್ಟೀರಿಯಾಗಳ ಮೈಮೇಲಿರುವ ಸಕ್ಕರೆ-ಕೊಬ್ಬಿನ ಅಣುಗಳ ರಚನೆ ಕಂಡುಹಿಡಿಯುವುದು ಎನ್ನುತ್ತೇನೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹೆಚ್ಚುಕಮ್ಮಿ ಎಲ್ಲರದೂ ಒಂದೇ ಪ್ರಶ್ನೆ: "ಕುದಿಸಿ ಸಾಯಿಸಿದರೆ ಮುಗೀತಲ್ಲ, ಮೈಮೇಲೆ ಏನಿದ್ದರೆ ಏನು?"

ಮುಗಿಯುವುದಿಲ್ಲ. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಈ ಅಣು ಹಾಗೇ ಉಳಿಯುತ್ತದೆ. 1892ರಲ್ಲೇ ಜರ್ಮನಿಯ ರಿಚರ್ಡ್ ಫೈಫರ್ ಇದನ್ನು ಗಮನಿಸಿದ್ದರು. ಬಿಸಿ ಮಾಡಿ ಕೊಂದ ಕಾಲರಾ ಬ್ಯಾಕ್ಟೀರಿಯಾಗಳನ್ನು ಚುಚ್ಚಿದರೂ ಗಿನಿಪಿಗ್‌ಗಳು ಸಾಯುತ್ತಿದ್ದವು. ವಿಷ ಒಳಗೆಲ್ಲೋ ಅಡಗಿದೆ ಎಂದುಕೊಂಡು ಅದಕ್ಕೆ ಎಂಡೋಟಾಕ್ಸಿನ್, ಅಂದರೆ ಒಳವಿಷ, ಎಂದು ಹೆಸರಿಟ್ಟರು. ನೋಡಿದರೆ ಅದು ಇದ್ದದ್ದು ಹೊರಗಿನ ಪದರದಲ್ಲಿ! ಹೆಸರು ಮಾತ್ರ ಇವತ್ತಿಗೂ ಬದಲಾಗಿಲ್ಲ.

ಆಸ್ಪತ್ರೆ ಸಾಮಾನುಗಳ ಸೂಕ್ಷ್ಮಜೀವಿ ಕೊಲ್ಲುವ ಆಟೋಕ್ಲೇವ್ ಯಂತ್ರದ 121 ಡಿಗ್ರಿ ಹಬೆಗೂ ಇದು ಜಗ್ಗುವುದಿಲ್ಲ. ಗಾಜಿನ ಸಾಮಾನಿನಿಂದ ಇದನ್ನು ತೆಗೆಯಬೇಕಾದರೆ 250 ಡಿಗ್ರಿ ಒಣ ಶಾಖದಲ್ಲಿ ಅರ್ಧ ಗಂಟೆ ಇಡುತ್ತಾರೆ. ಹಾಗಂತ ಕುದಿಸಿದ ನೀರು ಕುಡಿಯಲು ಹೆದರಬೇಡಿ. ನಮ್ಮ ಕರುಳಿನಲ್ಲೇ ಈ ಅಣುಗಳು ರಾಶಿ ರಾಶಿ ಇವೆ, ಸುಮ್ನೆ ಇರುತ್ತವೆ. ರಕ್ತಕ್ಕೆ ಇಳಿದಾಗ ಮಾತ್ರ ಜ್ವರ, ರಕ್ತದೊತ್ತಡ ಕುಸಿತ, ಕೆಲವೊಮ್ಮೆ ಸಾವು. ಇಂಜೆಕ್ಷನ್ ಔಷಧಿಗಳಲ್ಲಿ ಇದು ಎಷ್ಟಿದೆ ಎಂದು ಪ್ರತಿ ಬ್ಯಾಚನ್ನೂ ಪರೀಕ್ಷಿಸುವುದು ಅದಕ್ಕೇ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಈ ಅಣುವಿನ ಪೂರ್ತಿ ಹೆಸರು ಲಿಪೊಪಾಲಿಸ್ಯಾಕರೈಡ್. ಹೊರತುದಿಯಲ್ಲಿ ಸಕ್ಕರೆಗಳ ಉದ್ದ ಸರಪಳಿ, ನಡುವೆ ಚಿಕ್ಕದೊಂದು ಸಕ್ಕರೆ ಗೊಂಚಲು, ಬುಡದಲ್ಲಿ ಲಿಪಿಡ್ ಎ ಎಂಬ ಕೊಬ್ಬಿನ ಭಾಗ. ವಿಷದ ಭಾಗ ಈ ಬುಡವೇ. ಕರುಳಿನಲ್ಲಿರುವ ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಅದು ಗ್ಲೂಕೋಸಮೈನ್ ಎಂಬ ಸಕ್ಕರೆ ಎರಡು, ಎರಡು ಫಾಸ್ಫೇಟ್, ಆರು ಕೊಬ್ಬಿನ ಬಾಲ. ಇಷ್ಟೇ. ಆದರೆ ಆ ಆರು ಎನ್ನುವ ಲೆಕ್ಕವಿದೆಯಲ್ಲ, ಅದರಲ್ಲೇ ಎಲ್ಲ ಇದೆ.

ನಮ್ಮ ರಕ್ಷಣಾ ಕೋಶಗಳ ಮೇಲೆ ಟಿಎಲ್‌ಆರ್-4 ಎಂಬ ಪ್ರೋಟೀನ್ ಕಾವಲು ಕಾಯುತ್ತದೆ. ಅದರ ಪಕ್ಕದಲ್ಲೇ ಎಂಡಿ-2 ಎಂಬ ಇನ್ನೊಂದು, ಜೇಬಿನ ಹಾಗೆ. ಐದು ಬಾಲಗಳು ಆ ಜೇಬಿನೊಳಗೆ ಕೂತುಬಿಡುತ್ತವೆ. ಆರನೆಯದಕ್ಕೆ ಒಳಗೆ ಜಾಗ ಸಾಲದು. ಅದು ಜೇಬಿನ ಬಾಯಲ್ಲೇ ಉಳಿದು ಎದುರಿನ ಇನ್ನೊಂದು ಟಿಎಲ್‌ಆರ್-4ಕ್ಕೆ ಅಂಟುತ್ತದೆ. ಎರಡೂ ಜೋಡಿಯಾದವು ಎಂದರೆ ಶತ್ರು ಬಂದ ಎಂದು ಕೋಶಕ್ಕೆ ಗಂಟೆ ಬಾರಿಸಿದ ಹಾಗೆ. ಜಾಗ ಸಾಲದೆ ಹೊರಗುಳಿದ ಒಂದು ಬಾಲ ಇಷ್ಟೆಲ್ಲ ಮಾಡುತ್ತದೆ ಎನ್ನುವುದು ನನಗೆ ಈಗಲೂ ವಿಚಿತ್ರವೇ.

ಬಾಲ ನಾಲ್ಕೇ ಇದ್ದರೆ? ಗಂಟೆ ಸರಿಯಾಗಿ ಬಾರಿಸುವುದೇ ಇಲ್ಲ. ಪ್ಲೇಗ್ ಬ್ಯಾಕ್ಟೀರಿಯಾ ಆಡುವ ಆಟ ಇದೇ. ಚಿಗಟದ ತಂಪು ಮೈಯಲ್ಲಿದ್ದಾಗ ಅದು ಆರು ಬಾಲದ ಲಿಪಿಡ್ ಎ ಮಾಡುತ್ತದೆ. 37 ಡಿಗ್ರಿಯ ನಮ್ಮ ಮೈಗೆ ಬಂದ ಮೇಲೆ ಹೆಚ್ಚಾಗಿ ನಾಲ್ಕು ಬಾಲದ್ದು. ಕಾವಲುಗಾರ ಎದ್ದೇಳುವ ಹೊತ್ತಿಗೆ ರೋಗ ಹಬ್ಬಿರುತ್ತದೆ. 2006ರಲ್ಲಿ ಪ್ರಕಟವಾದ ಪ್ರಯೋಗ ಒಂದಿದೆ: ಇ. ಕೋಲೈನ ಒಂದೇ ಒಂದು ಜೀನನ್ನು ಪ್ಲೇಗ್ ಬ್ಯಾಕ್ಟೀರಿಯಾಕ್ಕೆ ಸೇರಿಸಿದರು. ಅದು 37 ಡಿಗ್ರಿಯಲ್ಲೂ ಆರು ಬಾಲ ಬೆಳೆಸತೊಡಗಿತು. ಇಲಿಗಳಿಗೆ ಚುಚ್ಚಿದರೆ ಕಾವಲುಗಾರ ಬೇಗ ಎಚ್ಚೆತ್ತು ಅವು ಬದುಕಿಕೊಂಡವು! ರಚನೆ ನೋಡಿ ಏನು ಪ್ರಯೋಜನ ಎನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಸಕ್ಕರೆ ಸರಪಳಿಯ ಕಥೆ ಬೇರೆ. ಇ. ಕೋಲೈ ಒ157 ಎಂದು ಓದಿರುತ್ತೀರಿ, ಆ ನಂಬರು ಬಂದದ್ದು ಈ ಸರಪಳಿಯ ವಿನ್ಯಾಸದಿಂದ. ನಮ್ಮ ಪ್ರತಿಕಾಯಗಳು ಗುರುತಿಟ್ಟುಕೊಳ್ಳುವುದೂ ಇದನ್ನೇ. 1992ರಲ್ಲಿ ಭಾರತ, ಬಾಂಗ್ಲಾದೇಶಗಳಲ್ಲಿ ಕಾಲರಾ ಬ್ಯಾಕ್ಟೀರಿಯಾ ಹಳೆಯ ಒ1 ಬದಲಿಗೆ ಒ139 ಸರಪಳಿ ತೊಟ್ಟು ಬಂದಾಗ, ಹಳೆಯ ರೋಗನಿರೋಧಕ ಶಕ್ತಿ ಕೆಲಸಕ್ಕೆ ಬರಲಿಲ್ಲ. ಔಷಧಿಗೂ ಈ ರಚನೆ ಮುಖ್ಯ. ಬ್ಯಾಕ್ಟೀರಿಯಾ ಕೊಲ್ಲುವ ಕೊಲಿಸ್ಟಿನ್ ಔಷಧಿ ಹಿಡಿಯುವುದು ಲಿಪಿಡ್ ಎ ಮೇಲಿನ ಫಾಸ್ಫೇಟುಗಳನ್ನು. ಅವನ್ನು ಬ್ಯಾಕ್ಟೀರಿಯಾ ಮುಚ್ಚಿಕೊಂಡರೆ ಔಷಧಿಗೆ ಹಿಡಿತವೇ ಸಿಗುವುದಿಲ್ಲ.

"ಸರಿ, ಇಷ್ಟು ಚಿಕ್ಕದನ್ನು ನೋಡೋದು ಹೇಗೆ?" ಇದು ಎರಡನೇ ಪ್ರಶ್ನೆ. ನೋಡುವುದಿಲ್ಲ, ತೂಗುತ್ತೇವೆ. ಅಣುವನ್ನು ತೆಳು ಆಮ್ಲದಲ್ಲಿ ಬಿಸಿ ಮಾಡಿದರೆ ಸಕ್ಕರೆ ಭಾಗ ಕಳಚಿ ಲಿಪಿಡ್ ಎ ಉಳಿಯುತ್ತದೆ. ಅದನ್ನು ಅಣುಗಳನ್ನು ತೂಗುವ ಯಂತ್ರ, ಮಾಸ್ ಸ್ಪೆಕ್ಟ್ರೋಮೀಟರಿಗೆ ಹಾಕುತ್ತೇವೆ. ಇ. ಕೋಲೈನದಾದರೆ ತೂಕದ ಅಳತೆಯಲ್ಲಿ ಸುಮಾರು 1797 ಎಂಬಲ್ಲಿ ಗೆರೆ ಏಳಬೇಕು. ಅಲ್ಲಿ ಏನೂ ಇಲ್ಲದೆ 1587ರ ಹತ್ತಿರ ಎದ್ದರೆ 210 ಕಡಿಮೆ, ಅಂದರೆ ಹದಿನಾಲ್ಕು ಕಾರ್ಬನ್ನಿನ ಒಂದು ಬಾಲ ಕಾಣೆ. ಅದು ನಿಜವಾಗಿ ಇರಲೇ ಇಲ್ಲವೋ, ಆಮ್ಲದಲ್ಲಿ ನಾನೇ ಉದುರಿಸಿದೆನೋ ಎಂದು ಮೊದಲಿಂದ ಮಾಡಿ ನೋಡಬೇಕು. ಆವತ್ತು ಮನೆಗೆ ತಡವಾಗುತ್ತದೆ.